ಆಪರೇಷನ್ ಆದ ನಾಯಿ ಕುಂಟದೆ ನಡೀತಿದೆ, ಇನ್ನು ಓಡೋಕೆ ಬಿಡಬಹುದಾ?

"ಡಾಕ್ಟ್ರೇ, ಕಾಲಿಗೆ ಪ್ಲೇಟ್ ಹಾಕಿ ಮೂರು ವಾರ ಆಯ್ತು. ಈಗ ಕುಂಟೋದೇ ಇಲ್ಲ. ಇನ್ನೂ ಕಟ್ಟಿ ಹಾಕಬೇಕಾ?"

ಹೌದು, ಇನ್ನೂ ಕಟ್ಟಬೇಕು. ಈ ಪ್ರಶ್ನೆ ಬಾರದ ವಾರವೇ ಇಲ್ಲ, ಉತ್ತರವೂ ಬದಲಾಗಿಲ್ಲ. ಈ ಸಲ ಕಾರಣವನ್ನೂ ಪೂರ್ತಿ ಹೇಳಿಬಿಡುತ್ತೇನೆ. ಕಾರಣ ಗೊತ್ತಿಲ್ಲದಿದ್ದರೆ ಕುಣಿಯುವ ನಾಯಿಯನ್ನು ಎರಡು ತಿಂಗಳು ಹಿಡಿದಿಡೋಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಎಲ್ಲದರ ಬುಡದಲ್ಲಿ ಒಂದು ಗಟ್ಟಿ ನಂಬಿಕೆ ಇದೆ: "ಕಾಲೂರಿ ನಡೀತಿದೆ ಅಂದ್ರೆ ಮೂಳೆ ಕೂಡಿದೆ. ಕೂಡದಿದ್ದರೆ ನೋವಾಗ್ತಿತ್ತು, ಅದೇ ಸುಮ್ನೆ ಇರ್ತಿತ್ತು." ಇದು ಪೂರ್ತಿ ತಪ್ಪು.

ಮೂರನೇ ವಾರದಲ್ಲಿ ಕಾಲಿನ ಒಳಗೆ ಏನಾಗಿರುತ್ತದೆ ನೋಡಿ. ದೊಡ್ಡ ನಾಯಿಯಾದರೆ ಮುರಿದ ಜಾಗದಲ್ಲಿ ಇರುವುದು ಇನ್ನೂ ಗಟ್ಟಿ ಮೂಳೆಯಲ್ಲ, ಮೆತ್ತಗಿನ ಬೆಸುಗೆ. ಮೊಣಕಾಲಿನ ಲಿಗಮೆಂಟ್ ಹರಿದಾಗ ಮಾಡುವ ಟಿಪಿಎಲ್‌ಒ ಆಪರೇಷನ್‌ನಲ್ಲೂ ಅಷ್ಟೇ. ಅಲ್ಲಿ ಮೂಳೆಯನ್ನು ನಾವೇ ಕೊಯ್ದು, ತಿರುಗಿಸಿ, ಪ್ಲೇಟ್ ಹಾಕಿರುತ್ತೇವೆ. ನಾಯಿಯ ಭಾರದ ಹೆಚ್ಚಿನ ಪಾಲು ಪ್ಲೇಟ್ ಮತ್ತು ಸ್ಕ್ರೂಗಳ ಮೇಲೆಯೇ ಬೀಳುತ್ತಿರುತ್ತದೆ. ಹಾಗಾದರೆ ನೋವು ಯಾಕಿಲ್ಲ? ಮೂಳೆಯ ತುದಿಗಳು ಅಲುಗಾಡದಂತೆ ಪ್ಲೇಟ್ ಹಿಡಿದಿದೆ, ಅದಕ್ಕೆ. ಕುಂಟು ಹೋಗಿದ್ದು ಒಳ್ಳೆಯದೇ. ಪ್ಲೇಟ್ ಸರಿಯಾಗಿ ಕೂತಿದೆ ಅಂತ ಅದರಿಂದ ತಿಳಿಯುತ್ತದೆ. ಮೂಳೆ ಕೂಡಿದೆಯೋ ಇಲ್ಲವೋ ಅಂತ ಮಾತ್ರ ತಿಳಿಯುವುದಿಲ್ಲ.

ಪ್ಲೇಟ್ ಉಕ್ಕಿನದ್ದಲ್ವಾ, ಅದಕ್ಕೇನಾಗುತ್ತೆ ಅಂತೀರಿ. ತಂತಿಯನ್ನು ಆಚೆ ಈಚೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೇ ಇದೂ. ಪ್ರತಿ ಹೆಜ್ಜೆಗೂ ಲೋಹ ಒಂದಿಷ್ಟು ದಣಿಯುತ್ತದೆ. ಅಷ್ಟರಲ್ಲಿ ಮೂಳೆ ಗಟ್ಟಿಯಾಗಿ ಭಾರವನ್ನು ತಾನೇ ಹೊತ್ತರೆ ಪ್ಲೇಟ್ ಬಚಾವ್. ಸೋಫಾದಿಂದ ಜಿಗಿತ, ಬೆಲ್ ಆದ ಕೂಡಲೇ ಬಾಗಿಲಿಗೆ ಓಟ, ನುಣುಪು ನೆಲದ ಮೇಲೆ ಗಕ್ಕನೆ ತಿರುಗುವುದು: ಇವೇ ಸಾಕು. ಎಕ್ಸ್‌ರೇಯಲ್ಲಿ ನೋಡಿದರೆ ಒಂದು ಸ್ಕ್ರೂ ಅರ್ಧ ಹೊರಗೆ ಬಂದಿರುತ್ತದೆ, ಪ್ಲೇಟ್ ಮೂಳೆಯಿಂದ ಎದ್ದು ನಿಂತಿರುತ್ತದೆ. ಆಮೇಲೆ ಎರಡನೇ ಆಪರೇಷನ್. ಅದು ಮೊದಲಿನದ್ದಕ್ಕಿಂತ ಕಷ್ಟ.

"ಅದಕ್ಕೇ ಗೊತ್ತಾಗುತ್ತೆ" ಅನ್ನೋದಂತೂ ದಯವಿಟ್ಟು ಬೇಡ. ಬೆಕ್ಕು ಕಂಡ ನಾಯಿಗೆ ಪ್ಲೇಟ್ ನೆನಪಿರುವುದಿಲ್ಲ. ಇದೇ ನಂಬಿಕೆಯಿಂದ ಕೆಲವರು ನೋವಿನ ಮಾತ್ರೆಯನ್ನೇ ನಿಲ್ಲಿಸುತ್ತಾರೆ, ನೋವಿದ್ದರೆ ಸುಮ್ನೆ ಬಿದ್ದಿರುತ್ತೆ ಅಂತ. ಕೇಳಿದರೆ ನನಗೆ ಸಂಕಟವಾಗುತ್ತದೆ. ನೋವಿರುವ ನಾಯಿ ಕಾಲೂರುವುದೇ ಇಲ್ಲ. ತೊಡೆ ಸೊರಗುತ್ತದೆ, ಕೀಲು ಬಿಗಿಯುತ್ತದೆ. ಬರೆದುಕೊಟ್ಟ ಮಾತ್ರೆ ಕೊಡಿ. ವಾಂತಿ ಅಥವಾ ಕಪ್ಪು ಮಲ ಕಂಡರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ನಿಮ್ಮ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ. ನಾಯಿಗೆ ವಿಷವಾಗಬಹುದು.

ಹಾಗಾದರೆ ಎಷ್ಟು ದಿನ? ಮರಿಗಳಲ್ಲಿ ಬೇಗ ಕೂಡುತ್ತದೆ. ದೊಡ್ಡ ನಾಯಿಗೆ ಸಾಮಾನ್ಯವಾಗಿ 8ರಿಂದ 12 ವಾರ. ಪುಟ್ಟ ತಳಿಗಳ ಮುಂಗೈ ಮೂಳೆಗೆ ರಕ್ತ ಪೂರೈಕೆ ಕಡಿಮೆ, ಅಲ್ಲಿ ಇನ್ನೂ ತಡ ಆಗಬಹುದು. ಬಿಡಬಹುದಾ ಬೇಡವಾ ಅಂತ ಹೇಳಬೇಕಾದದ್ದು ಎಕ್ಸ್‌ರೇ.

ಕಟ್ಟಿಡಿ ಅಂದರೆ ಅಲುಗಾಡಿಸಲೇಬೇಡಿ ಅಂತಲ್ಲ. ದಿನಕ್ಕೆ ಮೂರು ನಾಲ್ಕು ಸಲ, ಬೆಲ್ಟ್ ಗಿಡ್ಡ ಹಿಡಿದು, ಐದೈದು ನಿಮಿಷ ನಡೆಸಿ. ನಾಲ್ಕೂ ಪಾದ ಊರುವಷ್ಟು ನಿಧಾನ ಇರಲಿ. ಜೋರಾಗಿ ಹೋದರೆ ನೋವಿನ ಕಾಲು ಎತ್ತಿಕೊಂಡು ಮೂರೇ ಕಾಲಲ್ಲಿ ಹೋಗುತ್ತದೆ, ಪ್ರಯೋಜನವಿಲ್ಲ. ಮೆಟ್ಟಿಲಿದ್ದರೆ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿಯಿರಿ. ವ್ಯಾಯಾಮ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದರೆ ನಾಯಿಯನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲನ್ನು ಮೆಲ್ಲಗೆ ಮಡಚಿ ಬಿಡಿಸಿ, ಹತ್ತು ಹದಿನೈದು ಸಲ. ಅದು ತಲೆ ತಿರುಗಿಸಿ ನಿಮ್ಮ ಕೈ ನೋಡಿತೋ, ಅಲ್ಲಿಗೇ ನಿಲ್ಲಿಸಿ. ತೊಡೆಮೂಳೆ ಮುರಿದ ಮರಿಗಳಿಗೆ ಇದನ್ನು ತಪ್ಪಿಸಲೇಬಾರದು. ತೊಡೆಯ ಸ್ನಾಯು ಮೂಳೆಗೆ ಅಂಟಿಕೊಂಡರೆ ಮೊಣಕಾಲು ಮಡಚುವುದೇ ಇಲ್ಲ, ಆಮೇಲೆ ಸರಿ ಮಾಡುವುದು ತುಂಬಾ ಕಷ್ಟ. ಸೊಂಟದ ಕೀಲಿನ ಮೂಳೆತಲೆ ತೆಗೆದ ಆಪರೇಷನ್‌ಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕೂಡಬೇಕಾದ ಮೂಳೆಯೇ ಇಲ್ಲ, ಹಾಗಾಗಿ ಬೇಗ ನಡೆಸಿದಷ್ಟೂ ಒಳ್ಳೆಯದು.

ಇನ್ನೊಂದು ವಿಷಯ, ಯಾರೂ ನೇರವಾಗಿ ಕೇಳುವುದಿಲ್ಲ. ಪ್ಲೇಟ್ ಒಳಗೇ ಇರುತ್ತಾ? ಹೆಚ್ಚಿನ ನಾಯಿಗಳಲ್ಲಿ ಜೀವನಪೂರ್ತಿ ಇರುತ್ತದೆ, ತೊಂದರೆಯಿಲ್ಲ. ಆದರೆ ಚೆನ್ನಾಗಿದ್ದ ನಾಯಿ ಎಷ್ಟೋ ತಿಂಗಳಾದ ಮೇಲೆ ಮತ್ತೆ ಕುಂಟಿದರೆ, ಹೊಲಿಗೆ ಹಾಕಿದ್ದ ಜಾಗ ಊದಿ ಕೀವು ಬಂದರೆ, ಸೋಂಕು ಇರಬಹುದು. ಬ್ಯಾಕ್ಟೀರಿಯಾ ಲೋಹದ ಮೇಲೆ ಪದರ ಕಟ್ಟಿಕೊಂಡರೆ ಆ್ಯಂಟಿಬಯೋಟಿಕ್ ಅಲ್ಲಿಗೆ ನಾಟುವುದಿಲ್ಲ. ಮಾತ್ರೆ ಇರುವ ತನಕ ವಾಸಿ, ನಿಲ್ಲಿಸಿದರೆ ಮತ್ತೆ ಶುರು. ಆಗ ಮೂಳೆ ಕೂಡಿದೆ ಅಂತ ಎಕ್ಸ್‌ರೇಯಲ್ಲಿ ಖಾತ್ರಿ ಮಾಡಿಕೊಂಡು ಪ್ಲೇಟ್ ತೆಗೆಯುತ್ತೇವೆ. ತೆಗೆದ ಮೇಲೂ ಕೆಲವು ವಾರ ಓಡಿಸುವಂತಿಲ್ಲ. ಸ್ಕ್ರೂ ಇದ್ದ ತೂತುಗಳು ತುಂಬಿಕೊಳ್ಳುವ ತನಕ ಮೂಳೆ ಅಲ್ಲೇ ಮುರಿಯಬಹುದು.