ಗೋಳಗುಮ್ಮಟದಲ್ಲಿ ಕೂಗಿದ್ದು ಯಾರು? ಟೀಮ್ ವರ್ಕ್, ಗುಂಪು ಜಗಳ: ನನ್ನ ನೋಟ್ಸ್

ವಿಜಯಪುರದವರಿಗೆ ಈ ಪಾಠ ತಿಳಿಯಲು ಪುಸ್ತಕಕ್ಕಿಂತ ಗೋಳಗುಮ್ಮಟವೇ ಸುಲಭ. ಶಾಲೆ ಟ್ರಿಪ್ ಬಂದ ದಿನ ಮೇಲಿನ ಗ್ಯಾಲರಿಗೆ ಹತ್ತಿ ನೋಡಿ. ನಲವತ್ತು ಹುಡುಗರು ಒಟ್ಟಿಗೆ ಚಪ್ಪಾಳೆ ಹೊಡೆದು ಕೂಗುತ್ತಿರುತ್ತಾರೆ, ಒಂದೊಂದು ಸದ್ದೂ ಏಳೆಂಟು ಸಲ ವಾಪಸ್ ಬರುತ್ತಿರುತ್ತದೆ, ಅದರಲ್ಲಿ ಯಾರು ಗಂಟಲು ಹರಿಯುವಂತೆ ಕೂಗಿದ, ಯಾರು ಸುಮ್ನೆ ಬಾಯಿ ತೆರೆದು ನಿಂತಿದ್ದ ಅಂತ ಅವರ ಮೇಷ್ಟ್ರಿಗೂ ಗೊತ್ತಾಗುವುದಿಲ್ಲ.

1979ರಲ್ಲಿ ಅಮೆರಿಕದ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಹೆಚ್ಚುಕಡಿಮೆ ಇದನ್ನೇ ಅಳತೆ ಮಾಡಿದರು. ಕಾಲೇಜು ಹುಡುಗರಿಗೆ ಎಷ್ಟು ಆಗುತ್ತದೋ ಅಷ್ಟು ಜೋರಾಗಿ ಚಪ್ಪಾಳೆ ಹೊಡೆಯಿರಿ, ಕೂಗಿರಿ ಅಂದರು. ಒಬ್ಬನೇ ಇದ್ದಾಗಿನ ಸದ್ದು 100 ಅಂದುಕೊಂಡರೆ, ಇಬ್ಬರಿದ್ದಾಗ ತಲಾ 71, ನಾಲ್ವರಿದ್ದಾಗ 51, ಆರು ಜನ ಇದ್ದಾಗ ಬರೀ 40. ಗುಂಪಿನಲ್ಲಿ ಹೀಗೆ ಒಬ್ಬೊಬ್ಬರ ಶ್ರಮ ಸಡಿಲವಾಗುವುದಕ್ಕೆ ಅವರು ಇಟ್ಟ ಹೆಸರು ಸೋಶಿಯಲ್ ಲೋಫಿಂಗ್. ನಮ್ಮ ಮಾತಲ್ಲಿ ಹೇಳುವುದಾದರೆ ಗುಂಪಿನ ಮೈಗಳ್ಳತನ.

ಆದರೆ ಈ ಇಳಿಕೆ ಪೂರ್ತಿ ಮೈಗಳ್ಳತನ ಅಲ್ಲ, ಪರೀಕ್ಷೆಯಲ್ಲಿ ಜಾಸ್ತಿ ಜನ ಮಾರ್ಕ್ಸ್ ಕಳೆದುಕೊಳ್ಳುವುದು ಇಲ್ಲೇ. ರಿಂಗೆಲ್‌ಮನ್ ಅಂತ ಫ್ರಾನ್ಸಿನ ಕೃಷಿ ಎಂಜಿನಿಯರ್ ಒಬ್ಬ ಹಗ್ಗ ಜಗ್ಗಿಸಿ ನೋಡಿ 1913ರಲ್ಲಿ ಬರೆದಿದ್ದ: ಎಂಟು ಜನ ಜಗ್ಗಿದರೆ ತಲಾ ಅರ್ಧದಷ್ಟು ಬಲ ಮಾತ್ರ. ಕಾರಣ ಎರಡು. ಒಂದು, ಎಲ್ಲರೂ ಒಂದೇ ಗಳಿಗೆಗೆ ಜಗ್ಗುವುದಿಲ್ಲ. ನಮ್ಮೂರ ಹಗ್ಗ ಜಗ್ಗಾಟದಲ್ಲಿ ಪಕ್ಕದಲ್ಲಿ ನಿಂತು 'ಹೈಸಾ' ಅನ್ನೋನು ಒಬ್ಬ ಬೇಕಾಗುವುದು ಅದಕ್ಕೇ ಅಲ್ವಾ? ಎರಡನೆಯದು, ಉಳಿದವರು ಇದ್ದಾರಲ್ಲ ಅನ್ನೋ ಸಡಿಲತನ. ಎರಡನ್ನೂ ಬಿಡಿಸಿ ಬರೆಯಿರಿ. ಮೊದಲನೆಯದಕ್ಕೆ ಬೇಕಿರುವುದು ಹೊಂದಾಣಿಕೆ, ಬೈಗುಳ ಅಲ್ಲ.

ಈಗ ನಮ್ಮ ಕಥೆ. ಎಂಬಿಎ ಪ್ರಾಜೆಕ್ಟಿಗೆ ನಾಲ್ವರು ಸೇರಿ ಒಣದ್ರಾಕ್ಷಿ ಮಾರಾಟದ ಬಗ್ಗೆ ಸರ್ವೆ ಹಿಡಿದಿದ್ದೆವು. ನಾನು ಬಿಸಿಲಲ್ಲಿ ತಿಕೋಟಾ ಕಡೆಯ ಶೆಡ್ ಶೆಡ್ ಅಲೆದು, ರೈತರನ್ನು ಕಾದು ಫಾರ್ಮ್ ತುಂಬಿಸಿಕೊಂಡು ಬರುತ್ತಿದ್ದೆ. ಒಬ್ಬ ಮಾತ್ರ ಯಾವತ್ತೂ ಬರಲಿಲ್ಲ. ಚಹಾದ ಅಂಗಡಿ ಮುಂದೆ ಒಂದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ನೀ ಏನ್ ಮಾಡೀದಿ ಹೇಳಲೇ?"

"ಎರಡ್ ರಾತ್ರಿ ನಿದ್ದಿಗೆಟ್ಟು ಎಲ್ಲಾ ಎಕ್ಸೆಲ್‌ಗೆ ಹಾಕೀನಿ. ಅದು ಕಾಣಂಗಿಲ್ಲೇನ್ ನಿನಗ?"

ಕಂಡಿರಲಿಲ್ಲ. ನಿಜವಾಗಿ ಕಂಡಿರಲಿಲ್ಲ. ಫೈಲ್ ಅವನ ಲ್ಯಾಪ್‌ಟಾಪ್‌ನಲ್ಲಿತ್ತು, ನನ್ನ ಬಿಸಿಲು ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ತಾನೊಬ್ಬನೇ ಹಗ್ಗ ಜಗ್ಗುತ್ತಿದ್ದೇನೆ ಅಂದುಕೊಂಡಿದ್ದೆವು. ಗುಂಪಿನ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲಿ, ಅಂದರೆ ಯಾರ ಕೆಲಸ ಯಾರಿಗೂ ಕಾಣದೇ ಇರುವಲ್ಲಿ, ಅಂತ ನನ್ನ ಅನಿಸಿಕೆ. ಸ್ವಭಾವದ ಮಾತು ಆಮೇಲೆ. 1981ರಲ್ಲಿ ಲಟಾನೆ ತಂಡದ ಅದೇ ಮೂವರು ಇನ್ನೊಂದು ಪ್ರಯೋಗ ಮಾಡಿ, ಗುಂಪಿನಲ್ಲಿ ಕೂಗಿದರೂ ಒಬ್ಬೊಬ್ಬರ ಸದ್ದು ಬೇರೆ ಬೇರೆಯಾಗಿ ಗೊತ್ತಾಗುತ್ತದೆ ಅಂತ ಮೊದಲೇ ಹೇಳಿದರು. ಸಡಿಲತನ ಹೋಯಿತು.

ಜಗಳದ ವಿಧಗಳಿಗೆ ಬರೋಣ. ಕೆಲಸದ ಬಗ್ಗೆ ಭಿನ್ನಾಭಿಪ್ರಾಯ ಒಂದು, ವ್ಯಕ್ತಿಗಳ ನಡುವಿನ ಮನಸ್ತಾಪ ಇನ್ನೊಂದು. ಮೊದಲನೆಯದು ಒಳ್ಳೆಯದು, ಎರಡನೆಯದು ಕೆಟ್ಟದ್ದು ಅಂತ ಗೈಡುಗಳಲ್ಲಿ ಒಂದೇ ಸಾಲಲ್ಲಿ ಮುಗಿಸಿರುತ್ತಾರೆ. ಅಷ್ಟು ಸರಳ ಇಲ್ಲ. 1995ರಲ್ಲಿ ಕ್ಯಾರೆನ್ ಜೆನ್ ಎಂಬ ಸಂಶೋಧಕಿ ಹೇಳಿದ್ದು ದಿನಾ ಮಾಡುವ ಒಂದೇ ಥರದ ಕೆಲಸದಲ್ಲಿ ಕೆಲಸದ ವಾದವೂ ತೊಂದರೆಯೇ, ಹೊಸದಾಗಿ ಯೋಚಿಸಬೇಕಾದ ಕೆಲಸದಲ್ಲಿ ಮಾತ್ರ ಅದು ಉಪಯೋಗಕ್ಕೆ ಬರಬಹುದು ಅಂತ. 2003ರಲ್ಲಿ ಡಿ ಡ್ರೂ ಮತ್ತು ವೈನ್‌ಗಾರ್ಟ್ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಎರಡೂ ಬಗೆಯ ಜಗಳ ಜಾಸ್ತಿ ಇದ್ದಲ್ಲಿ ತಂಡದ ಕೆಲಸ ಕೆಳಗಿತ್ತು. 'ಪ್ರಶ್ನೆ ಐದು ಸರಿಯಿಲ್ಲ' ಅಂತ ಶುರುವಾದದ್ದು 'ನಿನಗ ಏನೂ ಬರಂಗಿಲ್ಲ' ಅನ್ನುವಲ್ಲಿಗೆ ಮುಟ್ಟಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕು.

ಒಂದು ಗುಂಪು ದಾಟುವ ಟಕ್‌ಮನ್‌ನ ಹಂತಗಳು (1965) ನಿಮಗೆ ಗೊತ್ತಿರುತ್ತವೆ: ಸೇರುವುದು, ಕಿತ್ತಾಡುವುದು, ನಿಯಮಕ್ಕೆ ಬರುವುದು, ಕೆಲಸ ಸಾಗುವುದು. ಚೆದುರುವುದು ಅಂತ ಐದನೆಯದು 1977ರಲ್ಲಿ ಸೇರಿತು. ಬಾಯಿಪಾಠ ಮಾಡಿ ಮುಂದೆ ಹೋಗಿ.

ಜಗಳ ನಿಭಾಯಿಸಲು ಥಾಮಸ್ ಮತ್ತು ಕಿಲ್ಮನ್ 1974ರಲ್ಲಿ ಕೊಟ್ಟ ಐದು ದಾರಿಗಳು: ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ರಾಜಿ, ಸಹಕಾರ. ಯಾವುದೂ ಯಾವಾಗಲೂ ಸರಿ ಅಥವಾ ತಪ್ಪಲ್ಲ. ಎಲ್ಲರಿಗೂ ಗೊಂದಲ ಆಗುವುದು ಕೊನೆಯ ಎರಡರಲ್ಲಿ. ಇದಕ್ಕೆ ಮ್ಯಾನೇಜ್‌ಮೆಂಟ್ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರಲ್ಲಿ ಹೇಳಿದ ಕಿಟಕಿಯ ಉದಾಹರಣೆ ಬರೆಯಿರಿ. ಹಾರ್ವರ್ಡ್ ಲೈಬ್ರರಿಯ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಅರ್ಧ ತೆರೆದಿದ್ದರೆ ರಾಜಿ. ಅವರಿಬ್ಬರು ಖಾಲಿಯಿದ್ದ ಪಕ್ಕದ ಕೋಣೆಯ ಕಿಟಕಿ ತೆರೆದರು. ಆ ಇನ್ನೊಬ್ಬರಿಗೆ ಬೇಕಿದ್ದದ್ದು ಗಾಳಿ, ಫಾಲೆಟ್‌ಗೆ ಬೇಡವಾಗಿದ್ದದ್ದು ಮೈಗೆ ನೇರ ಬಡಿಯುವ ಉತ್ತರದ ಗಾಳಿ. ಇಬ್ಬರಿಗೂ ಪೂರ್ತಿ ಸಿಕ್ಕಿತು. ಇದು ಸಹಕಾರ.

ನಮ್ಮ ಕಿಟಕಿ ಬಸ್ಸಾಗಿತ್ತು. ಎಕ್ಸೆಲ್ ಮಾಡಿದ ಆ ಗೆಳೆಯ ತಿಕೋಟಾಕ್ಕೆ ಬರಲ್ಲ ಅಂದದ್ದು ಸೋಮಾರಿತನಕ್ಕಲ್ಲ, ಸಂಜೆ ಆರಕ್ಕೆ ಅಪ್ಪನ ಅಂಗಡಿಯಲ್ಲಿ ಇರಲೇಬೇಕಿತ್ತು, ಬಸ್ಸಲ್ಲಿ ಹೋದರೆ ಅಷ್ಟರೊಳಗೆ ವಾಪಸ್ ಬರಲಾಗುತ್ತಿರಲಿಲ್ಲ. ಯಾಕೆ ಅಂತ ನಾವ್ಯಾರೂ ಕೇಳಿರಲಿಲ್ಲ. ಹೇಗೂ ವ್ಯಾಪಾರಿಗಳ ಸರ್ವೆ ಬಾಕಿ ಇತ್ತು, ಅದು ಊರಲ್ಲೇ ಆಗುವ ಕೆಲಸ, ಬೆಳಗ್ಗೆ ಎರಡು ತಾಸು ಸಾಕು. ಅದನ್ನು ಅವನು ತಗೊಂಡ. ಫೈಲ್ ಗೂಗಲ್ ಶೀಟ್‌ಗೆ ಬಂತು, ಪ್ರತಿ ಸಾಲಿನ ಪಕ್ಕ ಮಾಡಿದವರ ಹೆಸರು, ತಾರೀಖು. ಮೊದಲ ವಾರ ನನ್ನ ಹೆಸರಿನ ಮುಂದೆಯೇ ಮೂರು ಖಾಲಿ ಕಾಲಂ ಇದ್ದವು. ಅವನು ಏನೂ ಅನ್ನಲಿಲ್ಲ, ಬರೀ ಆ ಮೂರಕ್ಕೂ ಹಳದಿ ಬಣ್ಣ ಹಚ್ಚಿದ್ದ.