ಹೊಟ್ಟೆ ಆಪರೇಷನ್ನಿಗೆ ಬಂದವರ ಕೈಬೆರಳು ಯಾಕೆ ವಿಚಾರಿಸುತ್ತೇವೆ?

ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರಾಗಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಕೈಕಾಲು ಜೋಮು ಹಿಡಿಯೋದು, ಬೆರಳು ಮರಗಟ್ಟೋದು ಇದೆಯಾ? ಉತ್ತರ ಬರುವುದು ಪಕ್ಕದಲ್ಲಿ ನಿಂತ ಮಗನಿಂದ. "ಏನೂ ಇಲ್ಲ ಸರ್. ಬಿಪಿ ಇಲ್ಲ, ಶುಗರ್ ಇಲ್ಲ. ಸಣ್ಣ ತೂತು ಹಾಕಿ ಮಾಡೋ ಹೋಲ್ ಆಪರೇಷನ್ ತಾನೆ?" ಅಮ್ಮ ಸುಮ್ನೆ ತಲೆಯಾಡಿಸುತ್ತಾರೆ.

ಹೊಲಿಗೆ ಕೆಲಸದ ಒಬ್ಬ ಹೆಂಗಸು ಹೀಗೇ ತಲೆಯಾಡಿಸಿದ್ದರು. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಇದೇ ಹೋಲ್ ಆಪರೇಷನ್ನಿನಲ್ಲಿ, ಗರ್ಭಕೋಶ ತೆಗೆದ ಮರುದಿನ ಬಲಗೈಯ ಕಿರುಬೆರಳು, ಉಂಗುರಬೆರಳಿಗೆ ಸ್ಪರ್ಶವೇ ಸರಿಯಾಗಿ ತಿಳಿಯುತ್ತಿಲ್ಲ. ಡ್ರಿಪ್ ಸೂಜಿ ನರಕ್ಕೆ ತಗುಲಿದೆ ಅಂತ ಮನೆಯವರ ತೀರ್ಪು. ಡ್ರಿಪ್ ಹಾಕಿದ್ದು ಎಡಗೈಗೆ! ಆಮೇಲೆ ಅವರೇ ಮೆಲ್ಲಗೆ ಹೇಳಿದರು: "ರಾತ್ರಿ ಹೊತ್ತು ಮೊದಲೂ ಜುಮ್ಮನ್ನುತ್ತಿತ್ತು ಡಾಕ್ಟ್ರೇ. ಹೊಟ್ಟೆ ಆಪರೇಷನ್ನಿಗೂ ಬೆರಳಿಗೂ ಏನು ಸಂಬಂಧ ಅಂತ ಹೇಳಲಿಲ್ಲ."

ಸಂಬಂಧ ಇದೆ. ಇಂಥ ಕೆಳಹೊಟ್ಟೆಯ ಆಪರೇಷನ್ನಿನಲ್ಲಿ ಕರುಳು ಎದೆಯ ಕಡೆ ಸರಿದು ಜಾಗ ಬಿಡಲಿ ಅಂತ ಟೇಬಲ್ಲನ್ನು ತಲೆ ತಗ್ಗಾಗುವಂತೆ ವಾಲಿಸುತ್ತೇವೆ. ರೋಬಾಟ್ ಬಳಸಿ ಪ್ರಾಸ್ಟೇಟ್ ತೆಗೆಯುವಾಗ ಈ ವಾಲು 25-30 ಡಿಗ್ರಿಗೂ ಹೋಗುತ್ತದೆ, ಅದೂ ಗಂಟೆಗಟ್ಟಲೆ. ಮೈ ತಲೆಯ ಕಡೆ ಜಾರಿದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಜಗ್ಗುತ್ತವೆ. ಜಾರದಿರಲಿ ಅಂತ ಭುಜಕ್ಕೆ ಅಡ್ಡ ಕೊಟ್ಟರೆ ಅವೇ ನರಗಳು ಅದುಮಿಕೊಳ್ಳುತ್ತವೆ. ಮೊಣಕೈ ಏನಕ್ಕಾದರೂ ತಾಗಿದಾಗ ಶಾಕ್ ಹೊಡೆದಂತಾಗುತ್ತದಲ್ಲ, ಅಲ್ಲಿ ನರ ಚರ್ಮದ ಅಡಿಯಲ್ಲೇ ಇದೆ. ಮೊಣಕಾಲಿನ ಹೊರಬದಿಯ ಗಂಟಿನ ಕೆಳಗೂ ಹಾಗೆಯೇ. ಕಾಲೆತ್ತಿ ಕಟ್ಟಿದಾಗ ಅದು ಒತ್ತಿದರೆ ಪಾದ ಮೇಲಕ್ಕೆತ್ತಲು ಆಗದೆ ಎಡವುತ್ತಾರೆ.

ಮನೆಯಲ್ಲಿ ಕೈ ಜೋಮು ಹಿಡಿದರೆ ನಿದ್ದೆಗಣ್ಣಲ್ಲೇ ಮಗ್ಗುಲಾಗುತ್ತೇವೆ. ಅರಿವಳಿಕೆಯಲ್ಲಿ ಅದಿಲ್ಲ. ಅದಕ್ಕೇ ಮೊಣಕೈಗೆ ಮೆತ್ತೆ, ಬೆನ್ನಡಿ ಜಾರದ ಹಾಸು, ಚಾಚಿದ ತೋಳು 90 ಡಿಗ್ರಿ ಮೀರದಂತೆ ಕಾವಲು. "ಬೇಗ ಮುಗಿಯುತ್ತೆ, ಬಿಡಿ" ಅನ್ನುವ ಸರ್ಜನ್ ಗೆಳೆಯರ ಜೊತೆ ಇದೇ ವಿಷಯಕ್ಕೆ ನನ್ನ ಜಗಳ. ಇಷ್ಟು ಮಾಡಿದರೂ ಕೆಲವೊಮ್ಮೆ ತೊಂದರೆ ಆಗುತ್ತದೆ, ಕಾರಣ ಇದೇ ಅಂತ ಪ್ರತಿ ಸಲ ಹೇಳಲಾಗದು. ಆದರೆ ಮೊದಲೇ ಸೊರಗಿದ ನರ ಸ್ವಲ್ಪ ಒತ್ತಡಕ್ಕೇ ಸೋಲುತ್ತದೆ. ಶುಗರ್ ಇರುವವರು, ಬೀಡಿ ಸಿಗರೇಟು ಸೇದುವವರು, ತೀರಾ ಸಣಕಲು ಇರುವವರಿಗೆ ಅಪಾಯ ಜಾಸ್ತಿ. ಜೋಮಿನ ವಿಷಯ ಮೊದಲೇ ಗೊತ್ತಾದರೆ, ನೀವು ಎಚ್ಚರ ಇರುವಾಗಲೇ ಆ ಭಂಗಿಯಲ್ಲಿ ಕೈಕಾಲು ಇಡಿಸಿ ನೋಡುತ್ತೇವೆ.

ಆಪರೇಷನ್ ಆದ ಮೇಲೆ ಮರಗಟ್ಟಿದ್ದರೆ ಡಿಸ್ಚಾರ್ಜಿಗೆ ಮುಂಚೆಯೇ ಹೇಳಿ, ಮನೆಗೆ ಹೋದ ಮೇಲೆ ಶುರುವಾದರೆ ವಾಪಸ್ ಬನ್ನಿ. ಬರೀ ಅದುಮಿದ ನರ ಸಾಮಾನ್ಯವಾಗಿ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸುತ್ತದೆ. ಒಳಗಿನ ಎಳೆ ಕಡಿದಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ, ಮೊಣಕೈಯಿಂದ ಬೆರಳ ತುದಿ ಎಷ್ಟು ದೂರ ಲೆಕ್ಕ ಹಾಕಿ. ಅಷ್ಟು ದಿನ ಆ ಜಾಗಕ್ಕೆ ಬಿಸಿನೀರಿನ ಚೀಲ ಮಾತ್ರ ಇಡಬೇಡಿ. ಬಿಸಿ ತಿಳಿಯದೆ ಬೊಬ್ಬೆ ಎಬ್ಬಿಸಿಕೊಳ್ಳುತ್ತೀರಿ.