ಅರಬ್ ನಾಡುಗಳಲ್ಲಿ ಯಹೂದಿ ದ್ವೇಷ: ತಾತ್ಸಾರದಿಂದ ಭೀತಿಯ ಕಡೆಗೆ

ಅರಬ್ ನಾಡುಗಳ ಯಹೂದಿ ದ್ವೇಷ 1948ರಲ್ಲಿ ಇಸ್ರೇಲ್ ಜೊತೆಗೇ ಹುಟ್ಟಿತೆಂದು ಕೆಲವರು ವಾದಿಸಿದರೆ, ಅದು ಇಸ್ಲಾಂನಷ್ಟೇ ಹಳೆಯದೆಂದು ಮತ್ತೆ ಕೆಲವರು ಹೇಳುತ್ತಾರೆ. ದಮಾಸ್ಕಸ್, ಬಾಗ್ದಾದ್‌ಗಳ ಚರಿತ್ರೆ ಎರಡು ವಾದಗಳಿಗೂ ಸುಲಭವಾಗಿ ಒಗ್ಗುವುದಿಲ್ಲ.

ಇಸ್ಲಾಮಿ ಆಳ್ವಿಕೆಯಲ್ಲಿ ಯಹೂದಿಗಳು, ಕ್ರೈಸ್ತರಂತೆಯೇ, ‘ಜಿಮ್ಮಿ’ಗಳಾಗಿದ್ದರು: ಜೆಜಿಯಾ ತೆರಿಗೆ ಕಟ್ಟಿ, ಕೆಳಗಿನ ಸ್ಥಾನವನ್ನು ಒಪ್ಪಿಕೊಂಡರೆ ಪ್ರಾಣಕ್ಕೂ ಪೂಜೆಗೂ ರಕ್ಷಣೆ. 850ರಲ್ಲಿ ಖಲೀಫ ಮುತವಕ್ಕಿಲ್ ಇವರೆಲ್ಲ ಹಳದಿ ಬಟ್ಟೆಯ ಗುರುತು ಧರಿಸಬೇಕೆಂದು ವಿಧಿಸಿದ. 1066ರಲ್ಲಿ ಸ್ಪೇನಿನ ಗ್ರನಾಡಾದ ಯಹೂದಿ ವಜೀರನನ್ನು ಕೊಂದ ಗುಂಪು ಅಲ್ಲಿನ ಯಹೂದಿ ಸಮುದಾಯದ ಮೇಲೂ ಎರಗಿತು. ಆದರೂ ಮುಂದಿನ ಶತಮಾನದಲ್ಲೇ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್ ಕೈರೋದಲ್ಲಿ ಸುಲ್ತಾನ್ ಸಲಾದೀನನ ವಜೀರನಿಗೆ ವೈದ್ಯನಾಗಿದ್ದ, ತನ್ನ ತತ್ತ್ವಗ್ರಂಥವನ್ನು ಅರಬ್ಬಿಯಲ್ಲೇ ಬರೆದ. ಅಂದಿನ ಭಾವನೆ ಹೆಚ್ಚಾಗಿ ದುರ್ಬಲನ ಮೇಲಿನ ತಾತ್ಸಾರ. ಯಹೂದಿ ಲೋಕವನ್ನೇ ಆಡಿಸುವ ಪಿತೂರಿಗಾರ ಎಂಬ ಭೀತಿ ಅದರಲ್ಲಿರಲಿಲ್ಲ.

ಆ ಭೀತಿ ಬಂದದ್ದು ಯುರೋಪಿನಿಂದ. 1840ರ ಫೆಬ್ರವರಿಯಲ್ಲಿ ದಮಾಸ್ಕಸ್‌ನಲ್ಲಿ ಒಬ್ಬ ಕ್ಯಾಪುಚಿನ್ ಪಾದ್ರಿಯೂ ಅವನ ಸೇವಕನೂ ಕಾಣೆಯಾದಾಗ, ತಮ್ಮ ಪಸ್ಕ ಹಬ್ಬದ ರೊಟ್ಟಿಗೆ ರಕ್ತ ಬೇಕಾಗಿ ಯಹೂದಿಗಳೇ ಅವರನ್ನು ಕೊಂದರೆಂಬ ಗುಲ್ಲು ಸ್ಥಳೀಯ ಕ್ರೈಸ್ತರಲ್ಲಿ ಎದ್ದಿತು. ಮಧ್ಯಯುಗದ ಕ್ರೈಸ್ತ ಯುರೋಪಿನಲ್ಲಿ ನೂರಾರು ಜೀವ ತೆಗೆದಿದ್ದ ಹಳೆಯ ಸುಳ್ಳು ಅದು. ಫ್ರೆಂಚ್ ಕಾನ್ಸಲ್ ರಾಟಿ-ಮೆಂಟನ್ ಅದಕ್ಕೆ ಒತ್ತಾಸೆಯಾಗಿ ನಿಂತ. ಗವರ್ನರ್ ಷರೀಫ್ ಪಾಷಾ ಯಹೂದಿ ಮುಖಂಡರನ್ನು ಸೆರೆಹಿಡಿಸಿ, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಪಡೆದ. ಕೆಲವರು ಸೆರೆಯಲ್ಲೇ ಸತ್ತರು. ಬ್ರಿಟನ್ನಿನ ಯಹೂದಿ ಮುಖಂಡ ಮೋಸೆಸ್ ಮಾಂಟೆಫಿಯೊರೆ ಮತ್ತು ಫ್ರಾನ್ಸಿನ ಯಹೂದಿ ವಕೀಲ ಅಡಾಲ್ಫ್ ಕ್ರೆಮ್ಯೂ ಈಜಿಪ್ಟಿಗೆ ಬಂದು, ಆಗ ದಮಾಸ್ಕಸ್ಸನ್ನೂ ಆಳುತ್ತಿದ್ದ ಅಲ್ಲಿನ ದೊರೆ ಮಹಮ್ಮದ್ ಅಲಿಯ ಮೇಲೆ ಒತ್ತಡ ಹೇರಿದ ಮೇಲೆ ಉಳಿದವರು ಬಿಡುಗಡೆಯಾದರು. ಈ ಆರೋಪ ಹಸಿ ಸುಳ್ಳೆಂದು ಫರ್ಮಾನು ಹೊರಡಿಸಿದವನು ಒಬ್ಬ ಮುಸ್ಲಿಂ ದೊರೆ, ಒಟ್ಟೊಮನ್ ಸುಲ್ತಾನ್ ಅಬ್ದುಲ್ ಮಜೀದ್, ಎಂಬುದನ್ನು ಮರೆಯಬಾರದು.

ಅದೇ ಕ್ರೆಮ್ಯೂ 1870ರಲ್ಲಿ ಫ್ರಾನ್ಸಿನ ನ್ಯಾಯ ಮಂತ್ರಿಯಾಗಿ ಹೊರಡಿಸಿದ ಆಜ್ಞೆ ಅಲ್ಜೀರಿಯದ ಯಹೂದಿಗಳಿಗೆ ಫ್ರೆಂಚ್ ಪೌರತ್ವ ನೀಡಿತು, ಮುಸ್ಲಿಮರಿಗೆ ನೀಡಲಿಲ್ಲ. ನಿನ್ನೆಯವರೆಗೆ ತಮಗಿಂತ ಕೆಳಗಿದ್ದವರು ಪರಕೀಯ ಆಳರಸರ ಪಕ್ಷ ಸೇರಿದರೆಂಬ ಕಹಿ ಅಲ್ಲಿ ಉಳಿಯಿತು. ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಕೊಡಿಸಲು ಬ್ರಿಟನ್ ಬೆಂಬಲ ಸಾರಿದ 1917ರ ಬಾಲ್ಫರ್ ಘೋಷಣೆಯ ನಂತರ ಪ್ಯಾಲೆಸ್ಟೀನಿನ ಅರಬ್ಬರಿಗೆ ನೆಲ ಕೈತಪ್ಪುವ ಆತಂಕ ನಿಜವಾಗಿಯೂ ಇತ್ತು; ಆದರೆ 1920ರ ದಶಕದಲ್ಲಿ ಯಹೂದಿಗಳು ಲೋಕವನ್ನು ಆಳಲು ಪಿತೂರಿ ನಡೆಸಿದ್ದಾರೆಂದು ಹೇಳುವ ‘ಜಿಯೋನ್ ಹಿರಿಯರ ನಡಾವಳಿಗಳು’ (ಪ್ರೋಟೋಕಾಲ್ಸ್) ಎಂಬ ನಕಲಿ ದಾಖಲೆ ಅರಬ್ಬಿಗೆ ಬಂದಾಗ, ಆ ರಾಜಕೀಯ ಆತಂಕ ಒಂದಿಡೀ ಜನಾಂಗದ ಮೇಲಿನ ಆರೋಪವಾಗಿ ಮಾರ್ಪಡಲು ದಾರಿಯಾಯಿತು.

ಅದರ ಬೆಲೆ ತೆತ್ತವರು ಪ್ಯಾಲೆಸ್ಟೀನಿನಿಂದ ದೂರವಿದ್ದವರು. ಇರಾಕ್‌ನ ಮೊದಲ ಹಣಕಾಸು ಮಂತ್ರಿ ಸಸೂನ್ ಎಸ್ಕೆಲ್ ಬಾಗ್ದಾದಿನ ಯಹೂದಿ. ಅದೇ ಬಾಗ್ದಾದಿನಲ್ಲಿ, ನಾಜಿ ಪರ ರಶೀದ್ ಅಲಿಯ ಸರ್ಕಾರ ಕುಸಿದ ಬೆನ್ನಲ್ಲೇ, 1941ರ ಜೂನ್ 1 ಮತ್ತು 2ರಂದು ನಡೆದ ‘ಫರ್ಹೂದ್’ ಗಲಭೆಯಲ್ಲಿ ಸುಮಾರು 180 ಯಹೂದಿಗಳು ಹತರಾದರು. ಅನೇಕ ಮುಸ್ಲಿಮರು ನೆರೆಯವರನ್ನು ತಮ್ಮ ಮನೆಗಳಲ್ಲಿ ಅಡಗಿಸಿಟ್ಟು ಕಾಪಾಡಿದ್ದರಿಂದ ಸಾವು ಅಷ್ಟಕ್ಕೆ ನಿಂತಿತು. 1950ರ ಮಾರ್ಚ್‌ನಲ್ಲಿ ಇರಾಕಿನ ಯಹೂದಿಗಳು ಪೌರತ್ವ ಬಿಟ್ಟುಕೊಟ್ಟು ಹೊರಡಬಹುದೆಂಬ ಕಾನೂನು ಬಂತು. ವರ್ಷದ ನಂತರ, ಹೊರಡಲು ಹೆಸರು ಬರೆಸಿದವರ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 1951 ಮುಗಿಯುವಷ್ಟರಲ್ಲಿ ಸುಮಾರು 1,20,000 ಜನ ದೇಶ ತೊರೆದಿದ್ದರು.